ಜಿಪಿಎ 3.0 ಆಸುಪಾಸು ಇದ್ದರೆ ಅಮೆರಿಕದ ಮೆಡಿಕಲ್ ಸ್ಕೂಲಿಗೆ ದಾರಿ ಏನು?

ತುಂಗಾತೀರ

ಟೆಕ್ಸಾಸ್ ನಿವಾಸಿ, ಗ್ರೀನ್ ಕಾರ್ಡ್ ಇದೆ. ಬಯಾಲಜಿ ಮೇಜರ್, 120 ಕ್ರೆಡಿಟ್ ಮುಗಿದಿದೆ. ಒಟ್ಟು ಜಿಪಿಎ (4ಕ್ಕೆ ಲೆಕ್ಕ ಹಾಕುವ ಗ್ರೇಡ್ ಸರಾಸರಿ) 3.02. ವಿಜ್ಞಾನದ ವಿಷಯಗಳು ಸುಮಾರು 60 ಕ್ರೆಡಿಟ್, ಅದರ ಸರಾಸರಿ 2.85. ಎರಡನೇ ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಸಿ-, ಫಿಸಿಕ್ಸ್‌ನಲ್ಲಿ ಸಿ. ಕೊನೆಯ ಎರಡು ಸೆಮಿಸ್ಟರ್ ಮಾತ್ರ 3.6. ಎಂಕ್ಯಾಟ್ (ಮೆಡಿಕಲ್ ಸ್ಕೂಲಿನ ಪ್ರವೇಶ ಪರೀಕ್ಷೆ) ಇನ್ನೂ ಬರೆದಿಲ್ಲ. ಬರುವ ಜೂನ್‌ನಲ್ಲೇ ಅರ್ಜಿ ಹಾಕಿಬಿಡು, ಎಂಕ್ಯಾಟ್‌ನಲ್ಲಿ 520 ಬಂದರೆ ಹಳೆಯದೆಲ್ಲ ಮುಚ್ಚಿಹೋಗುತ್ತೆ ಅಂತ ಮನೆಯಲ್ಲಿ ಒಂದು ವಾದ. ಮಾಸ್ಟರ್ಸ್ ಮಾಡಿಸಿ ಅಂತ ಇನ್ನೊಂದು. ಯಾವುದು ಮೊದಲು, ಯಾವುದು ಆಮೇಲೆ?

ಲೆಕ್ಕದಪುಸ್ತಕ

ಆ 3.02 ಯಾರು ಹಾಕಿದ ಲೆಕ್ಕ ಅಂತ ಮೊದಲು ನೋಡಿ. ಯೂನಿವರ್ಸಿಟಿಯ ಟ್ರಾನ್ಸ್‌ಕ್ರಿಪ್ಟ್‌ನಲ್ಲಿರುವ ಅಂಕಿಯನ್ನು ಆಮ್‌ಕ್ಯಾಸ್ (ಎಂ.ಡಿ. ಶಾಲೆಗಳ ಸಾಮಾನ್ಯ ಅರ್ಜಿ ವ್ಯವಸ್ಥೆ) ನಂಬುವುದಿಲ್ಲ, ಎಲ್ಲವನ್ನೂ ತಾನೇ ಮೊದಲಿಂದ ಕೂಡುತ್ತೆ. ಒಂದು ಕೋರ್ಸನ್ನು ಎರಡು ಸಲ ಮಾಡಿದ್ದರೆ ಎರಡು ಗ್ರೇಡೂ ಲೆಕ್ಕಕ್ಕೆ ಬರುತ್ತವೆ. ಕಾಲೇಜು 'ಗ್ರೇಡ್ ಫರ್ಗಿವ್‌ನೆಸ್' ಅಂತ ಹಳೆಯದನ್ನು ಅಳಿಸಿದ್ದರೂ ಇಲ್ಲಿ ಅಳಿಯುವುದಿಲ್ಲ. ಡಿ.ಒ. (ಆಸ್ಟಿಯೋಪಥಿಕ್ ವೈದ್ಯ ಪದವಿ) ಶಾಲೆಗಳ ಅರ್ಜಿ ವ್ಯವಸ್ಥೆಯಾದ ಅಕೋಮಾಸ್‌ನಲ್ಲಿ ಹಿಂದೆ ಹೊಸ ಗ್ರೇಡನ್ನಷ್ಟೇ ತೆಗೆದುಕೊಳ್ಳುತ್ತಿದ್ದರು, 2017ರಲ್ಲಿ ಅದೂ ನಿಂತಿತು. ಹಳೆಯ ಬ್ಲಾಗ್ ಓದಿಕೊಂಡು ಇವತ್ತಿಗೂ ಅದನ್ನೇ ಹೇಳುವವರು ಇದ್ದಾರೆ, ನಂಬಬೇಡಿ.

ಹೈಸ್ಕೂಲಿನಲ್ಲಿದ್ದಾಗ ಕಮ್ಯುನಿಟಿ ಕಾಲೇಜಿನಲ್ಲಿ ತೆಗೆದ ಡ್ಯುಯಲ್ ಕ್ರೆಡಿಟ್ ಕೋರ್ಸ್‌ಗಳೂ ಸೇರುತ್ತವೆ. ಹದಿನಾರನೇ ವಯಸ್ಸಿನಲ್ಲಿ ಬಂದ ಒಂದು ಸಿ ಕೂಡ ಹಿಂದೆಯೇ ಬರುತ್ತೆ. ಎ.ಪಿ. ಕ್ರೆಡಿಟ್‌ಗೆ ಗ್ರೇಡ್ ಇರುವುದಿಲ್ಲ, ಅದು ಲೆಕ್ಕಕ್ಕಿಲ್ಲ. ಕ್ವಾರ್ಟರ್ ಪದ್ಧತಿಯ ಕಾಲೇಜಾದರೆ ಒಂದು ಕ್ರೆಡಿಟ್ಟಿಗೆ ಮೂರರಲ್ಲಿ ಎರಡು ಭಾಗ.

ಈಗ ಗಣಿತ. 120 ಕ್ರೆಡಿಟ್ × 3.02 = 362.4 ಪಾಯಿಂಟ್. ಮೇಲೆ 30 ಕ್ರೆಡಿಟ್ ಪೂರಾ ಎ ಬಂದರೆ 482.4, ಅದನ್ನು 150ರಿಂದ ಭಾಗಿಸಿದರೆ 3.22. ಅರವತ್ತು ಕ್ರೆಡಿಟ್ ಎ ಬಂದರೂ 3.35. 3.5 ಮುಟ್ಟಬೇಕಾದರೆ 115 ಕ್ರೆಡಿಟ್ ಬರೀ ಎ ಬೇಕು, ಅಂದರೆ ಇನ್ನೊಂದು ಡಿಗ್ರಿ. ಒಟ್ಟು ಜಿಪಿಎ ಎತ್ತುವ ಹಠ ಬಿಡಿ. ವಿಜ್ಞಾನದ ಲೆಕ್ಕ ನೋಡಿ: 60 × 2.85 = 171, ಅದಕ್ಕೆ 30 ಕ್ರೆಡಿಟ್ ಎ ಸೇರಿಸಿದರೆ 291, 90ರಿಂದ ಭಾಗಿಸಿದರೆ 3.23. ಅಷ್ಟೇ ದುಡ್ಡು, ಅಷ್ಟೇ ಸಮಯ, ಆದರೆ ಜಿಗಿತ ಸುಮಾರು ಎರಡರಷ್ಟು. ಹಾಕುವ ಪ್ರತಿ ಕ್ರೆಡಿಟ್ಟೂ ಬಿಸಿಪಿಎಂ ಒಳಗೆ ಬೀಳಬೇಕು: ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಮ್ಯಾಥ್ಸ್. ಸ್ಟ್ಯಾಟಿಸ್ಟಿಕ್ಸ್ ಮ್ಯಾಥ್ಸ್‌ಗೆ ಸೇರುತ್ತೆ. ಸೈಕಾಲಜಿ, ಇಂಜಿನಿಯರಿಂಗ್, ಕಂಪ್ಯೂಟರ್ ಸೈನ್ಸ್, ಪಬ್ಲಿಕ್ ಹೆಲ್ತ್ ಸೇರುವುದಿಲ್ಲ.

ಧಾರವಾಡ_ಫೇಡೆ

ಲೆಕ್ಕ ಬರೋಬ್ಬರಿ ಐತ್ರಿ, ಆದ್ರ ಟೆಕ್ಸಾಸ್ ಮಂದಿಗೆ ಇನ್ನೊಂದು ಲೆಕ್ಕ ಅದ. ಅಲ್ಲಿನ ಶಾಲೆಗಳ ಅರ್ಜಿ ವ್ಯವಸ್ಥೆ ಟಿಎಂಡಿಎಸ್‌ಎಎಸ್ ಪ್ಲಸ್ಸು ಮೈನಸ್ಸು ನೋಡೂದಿಲ್ರಿ. ಎ- ಅಂದ್ರೂ 4, ಬಿ+ ಅಂದ್ರೂ 3, ಬಿ- ಅಂದ್ರೂ 3. ಎ- ಮತ್ತ ಬಿ- ರಾಶಿ ಇದ್ದವ್ರಿಗೆ ಲಾಭ, ಬಿ+ ರಾಶಿ ಇದ್ದವ್ರಿಗೆ ಲುಕ್ಸಾನು. ಎರಡೂ ಲೆಕ್ಕ ಹಾಕಿ ನೋಡ್ರಿ, ಕೆಲವರಿಗೆ ಫರಕು ಕಣ್ಣಿಗೆ ಕಾಣೂವಷ್ಟು ಬರತದ. ಶುಲ್ಕನೂ ಅಷ್ಟ, ಎಷ್ಟು ಶಾಲೆಗೆ ಹಾಕಿದ್ರೂ ಒಂದ.

ಅಲ್ಲಿನ ಸರ್ಕಾರಿ ಶಾಲೆಗಳು ಹೊರ ರಾಜ್ಯದವ್ರಿಗೆ ಕೊಡೂದು ಹತ್ತರಾಗ ಒಂದು ಸೀಟು. ಟೆಕ್ಸಾಸ್ ನಿವಾಸಿ ಅನ್ನೂದ ನಿಮ್ಮ ಕೈಯಾಗಿರೂ ದೊಡ್ಡ ಬಂಡವಾಳ. ಹುರುಪಿನ ಮ್ಯಾಲೆ ಬ್ಯಾರೆ ರಾಜ್ಯಕ್ಕ ಮನಿ ಬದಲಿ ಮಾಡಬ್ಯಾಡ್ರಿ.

ಲೆಕ್ಕದಪುಸ್ತಕ

ಒಳ್ಳೆಯದು ಹೇಳಿದಿರಿ. ಆದರೆ ಆ ಸಿ- ಜಿಪಿಎ ಲೆಕ್ಕದಲ್ಲಿ 2 ಆದರೂ ಪ್ರಿರೆಕ್ವಿಸಿಟ್ (ಸೇರಲು ಕಡ್ಡಾಯವಾದ ಕೋರ್ಸ್) ಲೆಕ್ಕದಲ್ಲಿ ಪಾಸಲ್ಲ. ಅಲ್ಲಿ ಸಿ ಅಥವಾ ಮೇಲೆ ಬೇಕು. ಅದೊಂದನ್ನು ಮತ್ತೆ ಮಾಡಲೇಬೇಕು. ಫಿಸಿಕ್ಸಿನ ಸಿ ಹಾಗೇ ಇರಲಿ.

ಹತ್ತು ವರ್ಷಕ್ಕಿಂತ ಹಳೆಯ ಮಾರ್ಕ್ಸ್ ಇರುವ ಟೆಕ್ಸಾಸ್ ನಿವಾಸಿಗಳಿಗೆ 'ಅಕಾಡೆಮಿಕ್ ಫ್ರೆಶ್ ಸ್ಟಾರ್ಟ್' ಅಂತ ಒಂದು ಕಾನೂನಿದೆ. ಹಳೆಯದನ್ನೆಲ್ಲ ಲೆಕ್ಕದಿಂದ ತೆಗೆಯಬಹುದು, ಆದರೆ ಎಲ್ಲವನ್ನೂ ತೆಗೆಯಬೇಕು. ಒಳ್ಳೆಯ ಗ್ರೇಡ್ ಇಟ್ಟುಕೊಂಡು ಕೆಟ್ಟದ್ದನ್ನಷ್ಟೇ ಬಿಡುವಂತಿಲ್ಲ. ಈ ಪ್ರಶ್ನೆಗೆ ಅನ್ವಯಿಸಲ್ಲ, ಮುಂದೆ ಓದುವವರಿಗಾಗಿ ಬರೆದೆ.

ಸಹ್ಯಾದ್ರಿ_ಮಳೆ

'ಎಂಕ್ಯಾಟ್ 520 ಬಂದರೆ ಮುಚ್ಚಿಹೋಗುತ್ತೆ' ಅನ್ನುವ ವಾದಕ್ಕೆ ಬರುತ್ತೇನೆ. ಎಂಕ್ಯಾಟ್ ನಡೆಸುವ ಸಂಸ್ಥೆಯಾದ ಎಎಎಂಸಿ ಪ್ರಕಟಿಸುವ ಎ-23 ಅನ್ನುವ ಕೋಷ್ಟಕ ತೆರೆದು ನೋಡಿ. ಒಂದು ಕಡೆ ಜಿಪಿಎ, ಇನ್ನೊಂದು ಕಡೆ ಎಂಕ್ಯಾಟ್, ನಡುವೆ ಎಷ್ಟು ಜನ ಅರ್ಜಿ ಹಾಕಿದರು, ಎಷ್ಟು ಜನಕ್ಕೆ ಸಿಕ್ಕಿತು ಅಂತ ಇದೆ. ಜಿಪಿಎ 3.0–3.2 ಸಾಲಿನಲ್ಲಿ ಎಂಕ್ಯಾಟ್ ಏರಿದಂತೆ ಶೇಕಡಾವಾರು ಏರುತ್ತೆ, ನಿಜ. ಆದರೆ ಅದೇ ಎಂಕ್ಯಾಟ್ ಇರುವ 3.8ರವರ ಹತ್ತಿರಕ್ಕೂ ಬರುವುದಿಲ್ಲ. ಎಂ.ಡಿ. ಶಾಲೆಗೆ ಸೇರಿದವರ ಸರಾಸರಿ ಈಗ ಜಿಪಿಎ ಸುಮಾರು 3.8, ಎಂಕ್ಯಾಟ್ ಸುಮಾರು 512. ಡಿ.ಒ. ಶಾಲೆಗಳಲ್ಲಿ ಸುಮಾರು 3.6 ಮತ್ತು 504.

ಕೋಷ್ಟಕಕ್ಕೆ ಕಾಣದ ವಿಷಯವೊಂದಿದೆ. 3.2 ಜಿಪಿಎ ಇಬ್ಬರಿಗಿರಬಹುದು. ಒಬ್ಬರದು ಮೊದಲ ವರ್ಷ 2.3, ಕೊನೆಗೆ 3.9. ಇನ್ನೊಬ್ಬರದು 3.8ರಿಂದ ಶುರುವಾಗಿ 2.7ಕ್ಕೆ ಇಳಿದದ್ದು. ಕೋಷ್ಟಕದಲ್ಲಿ ಇಬ್ಬರೂ ಒಂದೇ ಮನೆಯಲ್ಲಿ ಕೂತಿರುತ್ತಾರೆ. ಅಡ್ಮಿಷನ್ ಕಮಿಟಿಯ ಮುಂದೆ ಹಾಗಲ್ಲ, ಆಮ್‌ಕ್ಯಾಸ್ ವರದಿ ಜಿಪಿಎಯನ್ನು ವರ್ಷವಾರು ಬಿಡಿಸಿ ಕೊಡುತ್ತೆ, ಪದವಿಯ ನಂತರ ಮಾಡಿದ್ದಕ್ಕೆ ಪ್ರತ್ಯೇಕ ಸಾಲೇ ಇರುತ್ತೆ. ನಿಮಗೆ ಬೇಕಾಗಿರುವುದು ಆ ಸಾಲು. ಅದರಲ್ಲಿ 30 ಕ್ರೆಡಿಟ್, 3.8ರ ಮೇಲೆ.

ಎಂಕ್ಯಾಟ್ ಹಳೆಯ ಗ್ರೇಡನ್ನು ಅಳಿಸುವುದಿಲ್ಲ, ಹೊಸ ಗ್ರೇಡಿಗೆ ಸಾಕ್ಷಿ ಹೇಳುತ್ತೆ. ಹೊಸ ಗ್ರೇಡೇ ಇಲ್ಲದೆ 520 ಬಂದರೆ 'ಬುದ್ಧಿ ಇದೆ, ದಿನಾ ಕೂತು ಓದುವ ಅಭ್ಯಾಸ ಇಲ್ಲ' ಅಂತ ಓದಿಕೊಳ್ಳುವವರೇ ಹೆಚ್ಚು. ಮೆಡಿಕಲ್ ಸ್ಕೂಲಿಗೆ ಬೇಕಿರುವುದು ಎರಡನೆಯದು.

ಧಾರವಾಡ_ಫೇಡೆ

ಇದಕ್ಕ ನಾ ಪೂರ್ತಿ ಒಪ್ಪೂದಿಲ್ರಿ. 3.2 ಇಟ್ಕೊಂಡು 517 ತಂದವ್ರ ಅರ್ಜಿ ಕನಿಷ್ಠ ಒಬ್ರಾದ್ರೂ ಪೂರ್ತಿ ಓದ್ತಾರ. 506 ತಂದ್ರ ಬಾಳ ಶಾಲೆಯೊಳಗ ಮೊದಲ ಜರಡಿಯೊಳಗ ಉದುರತದ. ಗ್ರೇಡು ಏರಿದ್ದು ಕಾಣಬೇಕಂದ್ರ ಮೊದಲು ಫೈಲ್ ತೆರೀಬೇಕಲ್ಲ?

ಸಹ್ಯಾದ್ರಿ_ಮಳೆ

ಒಪ್ಪುತ್ತೇನೆ, ಎರಡೂ ಬೇಕು. ನನ್ನ ಮಾತು ಯಾವುದು ಮೊದಲು ಅನ್ನುವುದರ ಬಗ್ಗೆ. ಬಯೋಕೆಮಿಸ್ಟ್ರಿ, ಫಿಸಿಯಾಲಜಿ, ಸೆಲ್ ಬಯಾಲಜಿ ಸರಿಯಾಗಿ ಓದಿಕೊಂಡವರಿಗೆ ಎಂಕ್ಯಾಟ್‌ನ ಬಹುಪಾಲು ಅಲ್ಲೇ ಕೈಗೆ ಬಂದಿರುತ್ತೆ. ಆರ್ಗ್ಯಾನಿಕ್‌ನಲ್ಲಿ ಸಿ- ಇರುವಾಗ ಪುಸ್ತಕದ ಸೆಟ್ ಕೊಂಡು ನೇರ ಪರೀಕ್ಷೆಗೆ ಹೋಗುವುದು ಬುನಾದಿ ಇಲ್ಲದೆ ಗೋಡೆ ಕಟ್ಟಿದ ಹಾಗೆ.

ಬೇಲೂರು_ಬಾಲೆ

ಪರೀಕ್ಷೆಯ ವಿವರ ನಾನು ಹಾಕ್ತೀನಿ. ಸ್ಕೋರು 472ರಿಂದ 528, ನಾಲ್ಕು ವಿಭಾಗ, ಒಂದೊಂದಕ್ಕೆ 118ರಿಂದ 132. ಮೂರು ವಿಭಾಗದಲ್ಲಿ ತಲಾ 59 ಪ್ರಶ್ನೆ, 95 ನಿಮಿಷ. ಕಾರ್ಸ್ ಅನ್ನುವ ಓದಿ ಅರ್ಥಮಾಡಿಕೊಳ್ಳುವ ವಿಭಾಗದಲ್ಲಿ 53 ಪ್ರಶ್ನೆ, 90 ನಿಮಿಷ. ವಿರಾಮ ಸೇರಿ ಏಳೂವರೆ ಗಂಟೆ ಅಲ್ಲೇ ಇರಬೇಕು. ಜನವರಿಯಿಂದ ಸೆಪ್ಟೆಂಬರ್‌ವರೆಗೆ ಮಾತ್ರ ನಡೆಯುತ್ತೆ. ಫಲಿತಾಂಶಕ್ಕೆ ಸುಮಾರು ಒಂದು ತಿಂಗಳು.

ಮಿತಿ ಇದೆ: ಒಂದು ವರ್ಷದಲ್ಲಿ 3, ಎರಡು ವರ್ಷದಲ್ಲಿ 4, ಜೀವಮಾನದಲ್ಲಿ 7. ಕೊನೆಯಲ್ಲಿ ಪರದೆಯ ಮೇಲೆ 'ಸ್ಕೋರು ಬೇಕಾ, ರದ್ದು ಮಾಡಲಾ' ಅಂತ ಕೇಳುತ್ತೆ. ರದ್ದು ಮಾಡಿದರೂ ಒಂದು ಸರದಿ ಖರ್ಚಾದ ಹಾಗೇ. ಬರೆದ ಎಲ್ಲ ಸ್ಕೋರೂ ಶಾಲೆಗಳಿಗೆ ಕಾಣುತ್ತೆ, ಹಾಗಾಗಿ 'ಸುಮ್ನೆ ಒಂದ್ಸಲ ಬರೆದು ನೋಡೋಣ' ಅನ್ನೋದು ಕಡಿಮೆ ಜಿಪಿಎ ಇರುವವರಿಗೆ ತುಂಬ ದುಬಾರಿ.

ಯಾವಾಗ ಬರೆಯಬೇಕು ಅನ್ನೋದಕ್ಕೆ ತಾರೀಖು ನೋಡಬೇಡಿ, ಎಎಎಂಸಿಯದ್ದೇ ಪೂರ್ಣ ಅಭ್ಯಾಸ ಪರೀಕ್ಷೆಗಳ ಕೊನೆಯ ಮೂರರ ಸರಾಸರಿ ನೋಡಿ. ಕೋಚಿಂಗ್ ಕಂಪನಿಗಳ ಪರೀಕ್ಷೆಯ ಸ್ಕೋರು ಒಂದೊಂದು ಕಂಪನಿಗೆ ಒಂದೊಂದು ಥರ, ಅದರ ಮೇಲೆ ನಿರ್ಧಾರ ಬೇಡ. ನಮ್ಮ ಮಕ್ಕಳು ಹೆಚ್ಚಾಗಿ ಎಡವೋದು ಕಾರ್ಸ್‌ನಲ್ಲಿ. ಅದಕ್ಕೆ ಓದಿ ಬಾಯಿಪಾಠ ಮಾಡುವ ವಿಷಯವೇ ಇಲ್ಲ, ದಿನಕ್ಕೆ ಎರಡು ಮೂರು ಪ್ಯಾಸೇಜ್ ತಿಂಗಳುಗಟ್ಟಲೆ ಮಾಡಬೇಕು. ಕೊನೆಯ ಮೂರು ವಾರದಲ್ಲಿ ಏನೂ ಆಗಲ್ಲ.

ತುಂಗಾತೀರ

ಎಲ್ಲರಿಗೂ ವಂದನೆ. ಹಾಗಾದರೆ ಆ 30 ಕ್ರೆಡಿಟ್ ಎಲ್ಲಿ ಮಾಡಬೇಕು? ಪೋಸ್ಟ್‌ಬ್ಯಾಕ್ (ಪದವಿಯ ನಂತರ ಮಾಡುವ ಕೋರ್ಸ್‌ಗಳು) ಅಂತ ಹುಡುಕಿದರೆ ದೊಡ್ಡ ದೊಡ್ಡ ಹೆಸರು ಬರುತ್ತಿವೆ. ಮಾಸ್ಟರ್ಸ್ ಇದಕ್ಕಿಂತ ತೂಕದ್ದಲ್ಲವೇ?

ಸಹ್ಯಾದ್ರಿ_ಮಳೆ

ಪೋಸ್ಟ್‌ಬ್ಯಾಕ್‌ನಲ್ಲಿ ಎರಡು ಜಾತಿ. ಬ್ರಿನ್ ಮಾರ್, ಗೌಚರ್ ಥರದವು ವಿಜ್ಞಾನ ಓದೇ ಇಲ್ಲದವರಿಗೆ, ಇತಿಹಾಸವೋ ಸಂಗೀತವೋ ಓದಿ ಈಗ ವೈದ್ಯರಾಗಬೇಕು ಅನ್ನುವವರಿಗೆ. ಅಲ್ಲಿ ಸೇರಲು ಒಳ್ಳೆಯ ಜಿಪಿಎಯೇ ಬೇಕು. ಬಯಾಲಜಿ ಮೇಜರ್ ಅಲ್ಲಿ ಅರ್ಜಿ ಹಾಕಿದರೆ ಶುಲ್ಕ ದಂಡ. ನಿಮಗೆ ಬೇಕಾದದ್ದು ಗ್ರೇಡ್ ಸುಧಾರಿಸುವವರ ಪೋಸ್ಟ್‌ಬ್ಯಾಕ್, ಅದಕ್ಕೆ ಹೆಸರಿನ ಕಾರ್ಯಕ್ರಮವೇ ಬೇಕೆಂದಿಲ್ಲ. ಮನೆ ಹತ್ತಿರದ ಸ್ಟೇಟ್ ಯೂನಿವರ್ಸಿಟಿಯಲ್ಲಿ ನಾನ್-ಡಿಗ್ರಿ ವಿದ್ಯಾರ್ಥಿಯಾಗಿ (ಹೊಸ ಡಿಗ್ರಿಗಲ್ಲ, ಬಿಡಿ ಕೋರ್ಸ್‌ಗಳಿಗೆ ಮಾತ್ರ) ಸೇರಿಕೊಂಡು ಮೇಲ್ಮಟ್ಟದ ಕೋರ್ಸ್ ತೆಗೆದುಕೊಂಡರೆ ಸಾಕು. ಸಿಗುವ ಗ್ರೇಡ್ ಪದವಿ ಜಿಪಿಎಗೇ ಸೇರುತ್ತೆ.

ಒಂದು ತೊಡಕು: ನಾನ್-ಡಿಗ್ರಿ ವಿದ್ಯಾರ್ಥಿಗಳಿಗೆ ಕೋರ್ಸ್ ನೋಂದಣಿ ಕೊನೆಯಲ್ಲಿ. ಫಿಸಿಯಾಲಜಿ, ಇಮ್ಯುನಾಲಜಿ ಅಷ್ಟು ಹೊತ್ತಿಗೆ ತುಂಬಿಹೋಗಿರುತ್ತೆ. ಸೇರುವ ಮೊದಲೇ ಡಿಪಾರ್ಟ್‌ಮೆಂಟ್‌ಗೆ ಬರೆದು ಕೇಳಿ.

ಏನು ತೆಗೆದುಕೊಳ್ಳಬೇಕು: ಮೊದಲ ಸೆಮಿಸ್ಟರ್‌ನಲ್ಲಿ ಆರ್ಗ್ಯಾನಿಕ್ ಮರುಪಾಠ, ಫಿಸಿಯಾಲಜಿ, ಜೆನೆಟಿಕ್ಸ್, ಸ್ಟ್ಯಾಟಿಸ್ಟಿಕ್ಸ್. ಎರಡನೆಯದರಲ್ಲಿ ಬಯೋಕೆಮಿಸ್ಟ್ರಿ, ಸೆಲ್ ಬಯಾಲಜಿ, ಇಮ್ಯುನಾಲಜಿ, ಮೈಕ್ರೊಬಯಾಲಜಿ. ಒಂದೊಂದರಲ್ಲಿ 14–15 ಕ್ರೆಡಿಟ್. ಸೆಮಿಸ್ಟರ್‌ಗೆ ಒಂದು ಕೋರ್ಸ್, ಅದರಲ್ಲಿ ಎ, ಅಂತ ತೋರಿಸಿದರೆ ಯಾರೂ ಒಪ್ಪುವುದಿಲ್ಲ. ಪೂರ್ಣ ಹೊರೆ ಹೊತ್ತು ಎ ತರಬಲ್ಲರೇ ಅನ್ನುವುದೇ ಪ್ರಶ್ನೆ. ಬಿ ಬಂದಿರುವ ಹಳೆಯ ಕೋರ್ಸ್ ಒಂದನ್ನೂ ಮತ್ತೆ ಮಾಡಬೇಡಿ.

ಬೇಲೂರು_ಬಾಲೆ

ಮಾಸ್ಟರ್ಸ್ ಅಂದರೆ ಯಾವ ಮಾಸ್ಟರ್ಸ್? ಪಬ್ಲಿಕ್ ಹೆಲ್ತ್ ಮಾಸ್ಟರ್ಸ್ ಈ ರೋಗಕ್ಕೆ ಮದ್ದಲ್ಲ. ಅಲ್ಲಿ ಎಲ್ಲರಿಗೂ ಎ ಬರುತ್ತೆ ಅಂತ ಕಮಿಟಿಗೂ ಗೊತ್ತು. ಹೇಳೋದಾದರೆ ಎಸ್‌ಎಂಪಿ, ಸ್ಪೆಷಲ್ ಮಾಸ್ಟರ್ಸ್ ಪ್ರೋಗ್ರಾಂ. ಜಾರ್ಜ್‌ಟೌನ್, ಸಿನ್ಸಿನಾಟಿ, ಬಾಸ್ಟನ್ ಯೂನಿವರ್ಸಿಟಿ, ಟಫ್ಟ್ಸ್, ಡ್ರೆಕ್ಸೆಲ್ ಇಂಥ ಕಡೆ ಇದೆ. ಕೆಲವು ಕಡೆ ಮೊದಲ ವರ್ಷದ ಎಂ.ಡಿ. ವಿದ್ಯಾರ್ಥಿಗಳ ಪಾಠವನ್ನೇ ಕೇಳಿ, ಅವರ ಪರೀಕ್ಷೆಯನ್ನೇ ಬರೆಯಬೇಕು. ಅಲ್ಲಿ 3.7 ಬಂದರೆ ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. 3.2 ಬಂದರೆ ಬಾಗಿಲು ಹೆಚ್ಚುಕಡಿಮೆ ಮುಚ್ಚಿತು, ಆಮೇಲೆ ತೋರಿಸಲು ಏನೂ ಉಳಿಯಲ್ಲ. ಮತ್ತೆ, ಎಸ್‌ಎಂಪಿ ಗ್ರೇಡು ಗ್ರ್ಯಾಜುಯೇಟ್ ಸಾಲಿಗೆ ಹೋಗುತ್ತೆ, ನಿಮ್ಮ 3.02 ಒಂದು ಚೂರೂ ಅಲುಗಾಡಲ್ಲ. ಹಾಗಾಗಿ ಪೋಸ್ಟ್‌ಬ್ಯಾಕ್ ಮೊದಲು, ಅದರಲ್ಲಿ ಸತತ ಎ ಬಂದ ಮೇಲೂ ಒಟ್ಟು ಅಂಕಿ 3.2ರ ಆಸುಪಾಸಿನಲ್ಲೇ ನಿಂತು ಬಾಗಿಲು ತೆರೆಯದಿದ್ದರೆ ಎಸ್‌ಎಂಪಿ.

ದುಡ್ಡಿನ ವಿಷಯ ಬದಲಾಗಿದೆ, ಗಮನಿಸಿ. 2025ರಲ್ಲಿ ಬಂದ ಕಾನೂನಿನಂತೆ 2026ರ ಜುಲೈ 1ರಿಂದ ಹೊಸದಾಗಿ ಸಾಲ ತೆಗೆಯುವವರಿಗೆ ಗ್ರ್ಯಾಡ್ ಪ್ಲಸ್ ಅನ್ನೋ ಫೆಡರಲ್ ಸಾಲ ಇಲ್ಲ. ಮಾಸ್ಟರ್ಸ್‌ಗೆ ವರ್ಷಕ್ಕೆ 20,500 ಡಾಲರ್ ಫೆಡರಲ್ ಸಾಲದ ಮಿತಿ, ಎಸ್‌ಎಂಪಿ ಖರ್ಚಿಗೆ ಅದು ಸಾಲದು. ಮೆಡಿಕಲ್ ಸ್ಕೂಲಿಗೆ ವರ್ಷಕ್ಕೆ 50,000, ಒಟ್ಟು 2,00,000. ಬಾಕಿ ಕೈಯಿಂದ ಅಥವಾ ಖಾಸಗಿ ಸಾಲ. ಟೆಕ್ಸಾಸ್‌ನ ಸರ್ಕಾರಿ ಶಾಲೆಗಳ ಶುಲ್ಕ ಕಡಿಮೆ ಅನ್ನೋದು ಈಗ ಇನ್ನೂ ಮುಖ್ಯ.

ಕಾವೇರಿ_ಕಣಿವೆ

ಇದೇ ವೇದಿಕೆಯಲ್ಲಿ ಬೇರೆ ಸ್ಥಿತಿಯವರೂ ಇರುವುದರಿಂದ ಎರಡು ಮಾತು.

ಎಚ್-4 ವೀಸಾದಲ್ಲಿರುವ ಮಕ್ಕಳಿಗೆ ಫೆಡರಲ್ ಸಾಲ ಇಲ್ಲ, 21 ತುಂಬಿದರೆ ಅವಲಂಬಿತರ ಸ್ಥಾನವೂ ಹೋಗುತ್ತೆ. ಅಷ್ಟರಲ್ಲಿ ಗ್ರೀನ್ ಕಾರ್ಡ್ ಬರದಿದ್ದರೆ ವಿದೇಶಿ ವಿದ್ಯಾರ್ಥಿಯಾಗಿ ಅರ್ಜಿ ಹಾಕಬೇಕು. ಬಹಳಷ್ಟು ಶಾಲೆಗಳು, ಅದರಲ್ಲೂ ಸರ್ಕಾರಿಯವು, ಅಂಥವರನ್ನು ತೆಗೆದುಕೊಳ್ಳುವುದಿಲ್ಲ. ತೆಗೆದುಕೊಳ್ಳುವ ಕೆಲವು ಶಾಲೆಗಳು ಒಂದರಿಂದ ನಾಲ್ಕು ವರ್ಷದ ಶುಲ್ಕವನ್ನು ಮುಂಗಡ ಇಡಿ ಅನ್ನುತ್ತವೆ. ಇಂಥವರಿಗೆ 3.0 ಜಿಪಿಎ ಎರಡನೇ ಸಮಸ್ಯೆ, ಮೊದಲನೆಯದು ವೀಸಾ.

ಬೆಂಗಳೂರು, ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಇಲ್ಲಿಗೆ ಬಂದವರಿಗೆ: ಭಾರತದ ಮಾರ್ಕ್ಸ್ ಕಾರ್ಡನ್ನು ಆಮ್‌ಕ್ಯಾಸ್ ಪರಿಶೀಲಿಸುವುದಿಲ್ಲ, ಜಿಪಿಎಗೂ ಸೇರಿಸುವುದಿಲ್ಲ. 55 ಪರ್ಸೆಂಟ್ ಬಂದಿದ್ದರೂ ಅಂಕಿಯಾಗಿ ಕಾಣುವುದಿಲ್ಲ. ಆದರೆ ಹೆಚ್ಚಿನ ಶಾಲೆಗಳಿಗೆ ಅಮೆರಿಕ ಅಥವಾ ಕೆನಡಾದ ಕ್ರೆಡಿಟ್‌ಗಳೇ ಬೇಕು, ಕೆಲವು ಕಡೆ 90 ಕ್ರೆಡಿಟ್‌ವರೆಗೆ. ಪ್ರಿರೆಕ್ವಿಸಿಟ್ ಎಲ್ಲ ಇಲ್ಲೇ ಮಾಡಬೇಕಾಗುತ್ತೆ, ಜಿಪಿಎ ಅಲ್ಲಿಂದ ಶುರು.

ತುಂಗಾತೀರ

ಕೆರಿಬಿಯನ್ ಶಾಲೆ ಅಂತಲೂ ಮನೆಯಲ್ಲಿ ಮಾತು ಬರುತ್ತಿದೆ. ಆಂಟಿಗುವಾದ್ದು ಮಣಿಪಾಲದವರದ್ದೇ ಅಲ್ಲವೇ, ಭಯ ಏನು ಅನ್ನುತ್ತಾರೆ.

ಕಾವೇರಿ_ಕಣಿವೆ

ಮಣಿಪಾಲ ಸಮೂಹದ್ದೇ ಹೌದು, ಆದರೆ ಮಾಲೀಕರು ಯಾರು ಅನ್ನುವುದು ಇಲ್ಲಿ ಪ್ರಶ್ನೆಯಲ್ಲ. ಅಲ್ಲಿ ಓದಿ ಬಂದವರು ರೆಸಿಡೆನ್ಸಿಗೆ (ಪದವಿಯ ನಂತರದ ಆಸ್ಪತ್ರೆ ತರಬೇತಿ) ಹೊರ ದೇಶದಲ್ಲಿ ಓದಿದವರ ಸಾಲಿನಲ್ಲೇ ನಿಲ್ಲಬೇಕು. ಇತ್ತೀಚಿನ ಮ್ಯಾಚ್‌ಗಳಲ್ಲಿ, ಅಂದರೆ ರೆಸಿಡೆನ್ಸಿ ಸೀಟು ಹಂಚಿಕೆಯಲ್ಲಿ, ಸೀಟು ಸಿಕ್ಕಿದ್ದು ಎಂ.ಡಿ. ವಿದ್ಯಾರ್ಥಿಗಳಿಗೆ ಸುಮಾರು 93–94 ಪರ್ಸೆಂಟ್, ಡಿ.ಒ. ಅವರಿಗೆ 92–93, ಹೊರಗೆ ಓದಿದ ಅಮೆರಿಕದ ಪ್ರಜೆಗಳಿಗೆ ಸುಮಾರು 67. ಈ 67 ಕೂಡ ಮ್ಯಾಚ್‌ವರೆಗೆ ಬಂದವರದ್ದು. ದಾರಿಯಲ್ಲಿ ಬಿಟ್ಟವರು, ಸ್ಟೆಪ್ 1 ಅನ್ನುವ ಲೈಸೆನ್ಸ್ ಪರೀಕ್ಷೆಗೆ ಶಾಲೆಯೇ ಕೂರಿಸದವರು ಲೆಕ್ಕದಲ್ಲಿ ಇಲ್ಲ. 2022ರ ಜನವರಿಯಿಂದ ಸ್ಟೆಪ್ 1ಕ್ಕೆ ಅಂಕವೂ ಇಲ್ಲ, ಪಾಸು ಅಥವಾ ಫೇಲು ಅಷ್ಟೇ. ಒಳ್ಳೆಯ ಅಂಕ ತೋರಿಸಿ ಮೇಲೆ ಬರುತ್ತಿದ್ದ ಆ ಒಂದು ಮೆಟ್ಟಿಲೂ ಹೋಯಿತು.

ಮನೆಯಲ್ಲಿ ಕೇಳುವ ಪ್ರಶ್ನೆ 'ಡಿ.ಒ. ಅಂದ್ರೆ ನಿಜವಾದ ಡಾಕ್ಟರಾ' ಅನ್ನುವುದಾದರೆ: ಹೌದು. ಅದೇ ಲೈಸೆನ್ಸ್, ಅದೇ ಆಸ್ಪತ್ರೆ, 2020ರಿಂದ ರೆಸಿಡೆನ್ಸಿಯ ಮಾನ್ಯತೆಯೂ ಒಂದೇ. ಲೈಸೆನ್ಸ್ ಪರೀಕ್ಷೆ ಮಾತ್ರ ಕಾಮ್ಲೆಕ್ಸ್, ಪೈಪೋಟಿಯ ವಿಭಾಗ ಬೇಕೆನ್ನುವವರು ಎಂ.ಡಿ.ಯವರ ಯುಎಸ್‌ಎಂಎಲ್‌ಇಯನ್ನೂ ಬರೆಯುತ್ತಾರೆ. ಫೋರ್ಟ್ ವರ್ತ್‌ನ ಟಿಸಿಒಎಂ ಡಿ.ಒ. ಶಾಲೆ, ಟಿಎಂಡಿಎಸ್‌ಎಎಸ್ ಅರ್ಜಿಯಲ್ಲೇ ಬರುತ್ತೆ. ನೆಂಟರಿಷ್ಟರಿಗೆ ಹೇಳಿಕೊಳ್ಳಲು ಎಂ.ಡಿ. ಬೇಕು ಅಂತ ದ್ವೀಪಕ್ಕೆ ಕಳಿಸುವುದು ನನ್ನ ಪ್ರಕಾರ ಹುಚ್ಚುತನ.

ಧಾರವಾಡ_ಫೇಡೆ

ಅದ್ರಾಗ ಎರಡು ಮಾತಿಲ್ರಿ.

ಲೆಕ್ಕದಪುಸ್ತಕ

ವೇಳಾಪಟ್ಟಿ. ಆಮ್‌ಕ್ಯಾಸ್ ಅರ್ಜಿ ಮೇ ಮೊದಲ ವಾರ ತೆರೆಯುತ್ತೆ, ಸಲ್ಲಿಸಲು ಮೇ ಕೊನೆಯಿಂದ ಆಗುತ್ತೆ. ಸಲ್ಲಿಸಿದ ಮೇಲೆ ಬಂದ ಗ್ರೇಡು ಆ ವರ್ಷದ ಜಿಪಿಎಗೆ ಸೇರುವುದಿಲ್ಲ, ಶಾಲೆಗಳಿಗೆ ಒಂದೊಂದಾಗಿ ಪತ್ರ ಬರೆದು ತಿಳಿಸಬೇಕು. ಬರುವ ಜೂನ್‌ನಲ್ಲಿ ಹಾಕಬೇಡಿ ಅನ್ನುವುದು ಇದಕ್ಕೇ. 30 ಕ್ರೆಡಿಟ್ ಮುಗಿದು, ಸ್ಪ್ರಿಂಗ್ ಗ್ರೇಡು ಟ್ರಾನ್ಸ್‌ಕ್ರಿಪ್ಟ್‌ಗೆ ಬಂದು, ಎಂಕ್ಯಾಟ್ ಸ್ಕೋರು ಕೈಯಲ್ಲಿದ್ದಾಗ ಹಾಕಿ. 15 ಕ್ರೆಡಿಟ್ ಹೊತ್ತ ಸ್ಪ್ರಿಂಗ್ ಜೊತೆಗೇ ಎಂಕ್ಯಾಟ್ ಓದು ಬೇಡ, ಎರಡೂ ಕೆಡುತ್ತವೆ. ಬೇಸಿಗೆಯಲ್ಲಿ ಓದಿ ಆಗಸ್ಟ್–ಸೆಪ್ಟೆಂಬರ್‌ಗೆ ಬರೆದು ಮುಂದಿನ ಮೇನಲ್ಲಿ ಸಲ್ಲಿಸಿದರೆ ಒಂದು ವರ್ಷ ಹೆಚ್ಚು ಹಿಡಿದರೂ ಒಂದೇ ಸಲಕ್ಕೆ ಸರಿಯಾದ ಅರ್ಜಿ. ಎರಡನೇ ಸಲ ಹಾಕುವವರಿಗೆ ಶಾಲೆಗಳು ಕೇಳುವ ಮೊದಲ ಪ್ರಶ್ನೆ 'ಕಳೆದ ಸಲದಿಂದ ಈಚೆಗೆ ಏನು ಬದಲಾಯಿತು' ಅಂತ.

ಓದಿದ ಪ್ರತಿ ಕಾಲೇಜಿನ ಟ್ರಾನ್ಸ್‌ಕ್ರಿಪ್ಟೂ ಹೋಗಬೇಕು. ಬೇಸಿಗೆಯಲ್ಲಿ ಒಂದೇ ಕೋರ್ಸ್ ಮಾಡಿದ ಕಮ್ಯುನಿಟಿ ಕಾಲೇಜಿನದ್ದು ಮರೆತು ಅರ್ಜಿ ವಾರಗಟ್ಟಲೆ ನಿಲ್ಲುವುದು ಸಾಮಾನ್ಯ. ಜೂನ್ ಜಂಗುಳಿಯಲ್ಲಿ ಪರಿಶೀಲನೆಗೇ ಆರು ವಾರದವರೆಗೆ ಹಿಡಿಯಬಹುದು. ಅವರು ಯಾವುದಾದರೂ ಕೋರ್ಸನ್ನು ಬಿಸಿಪಿಎಂನಿಂದ ಹೊರಗೆ ಹಾಕಿದ್ದರೆ ಸಿಲಬಸ್ ಇಟ್ಟುಕೊಂಡು ಆಕ್ಷೇಪಿಸಬಹುದು, ಪರಿಶೀಲನೆ ಮುಗಿದ 10 ದಿನದೊಳಗೆ.

ಬೇಲೂರು_ಬಾಲೆ

ಕಡಿಮೆ ಗ್ರೇಡಿನ ವಿವರಣೆ ಎಲ್ಲಿ ಬರೆಯಬೇಕು ಅಂತ ತುಂಬ ಜನ ಕೇಳ್ತಾರೆ. ಪರ್ಸನಲ್ ಸ್ಟೇಟ್‌ಮೆಂಟ್‌ಗೆ ಇರೋದು 5,300 ಅಕ್ಷರ, ಖಾಲಿ ಜಾಗವೂ ಸೇರಿ. ಅದನ್ನು ಕೆಮಿಸ್ಟ್ರಿ ಮಾರ್ಕ್ಸಿಗೆ ಖರ್ಚು ಮಾಡಬೇಡಿ. ಆಮೇಲೆ ಒಂದೊಂದು ಶಾಲೆಯಿಂದಲೂ ಬರುವ ಸೆಕೆಂಡರಿ ಅರ್ಜಿಗಳಲ್ಲಿ ಬಹಳ ಕಡೆ ಓದಿನ ತೊಂದರೆ ಬಗ್ಗೆ ನೇರ ಪ್ರಶ್ನೆ ಇರುತ್ತೆ, ಅಲ್ಲಿ ಬರೆಯಿರಿ.

ಹೀಗೆ ಬೇಡ: 'ಪ್ರೊಫೆಸರ್ ಬಹಳ ಕಟ್ಟುನಿಟ್ಟು, ಕೋವಿಡ್ ಬೇರೆ, ಮೊದಲ ವರ್ಷ ಹೊಂದಿಕೊಳ್ಳಲು ಕಷ್ಟವಾಯಿತು. ನನ್ನ ನಿಜವಾದ ಸಾಮರ್ಥ್ಯ ಈ ಅಂಕಗಳಲ್ಲಿ ಕಾಣುವುದಿಲ್ಲ.'

ಹೀಗೆ: 'ಮೊದಲ ನಾಲ್ಕು ಸೆಮಿಸ್ಟರ್‌ನಲ್ಲಿ ವಾರಕ್ಕೆ 25 ಗಂಟೆ ಕೆಲಸದ ಜೊತೆ 17 ಕ್ರೆಡಿಟ್ ತೆಗೆದುಕೊಂಡೆ, ಪರೀಕ್ಷೆಯ ಹಿಂದಿನ ರಾತ್ರಿ ಓದುತ್ತಿದ್ದೆ. ಮೂರನೇ ವರ್ಷದಲ್ಲಿ ಕೆಲಸ 10 ಗಂಟೆಗೆ ಇಳಿಸಿ, ಅದೇ ದಿನದ ಪಾಠವನ್ನು ಅದೇ ದಿನ ಪ್ರಶ್ನೆ ಬಿಡಿಸಿ ಮುಗಿಸಲು ಶುರುಮಾಡಿದೆ. ನಂತರದ 60 ಕ್ರೆಡಿಟ್‌ನ ಸರಾಸರಿ 3.75.'

ಕಾರಣ, ಬದಲಾವಣೆ, ಪುರಾವೆ. ಮೂರು ನಾಲ್ಕು ವಾಕ್ಯ ಮುಗಿಯಿತು. ಮನೆಯ ಕಷ್ಟ ನಿಜವಾಗಿ ಇದ್ದರೆ ಬರೆಯಿರಿ, ಇಲ್ಲದ್ದನ್ನು ಹುಟ್ಟುಹಾಕಬೇಡಿ, ಸಂದರ್ಶನದಲ್ಲಿ ಅದನ್ನೇ ಹಿಡಿದು ಕೇಳುತ್ತಾರೆ.

ಧಾರವಾಡ_ಫೇಡೆ

ಕ್ಲಿನಿಕಲ್ ಕೆಲಸದ ಮಾತು ಯಾರೂ ಎತ್ತಲಿಲ್ಲ. ನಮ್ಮ ಮಂದ್ಯಾಗ ಒಂದು ಚಾಳಿ ಅದ: ಪರಿಚಯದ ಕಾರ್ಡಿಯಾಲಜಿಸ್ಟ್ ಅಂಕಲ್ ಹಿಂದ 200 ತಾಸು ಅಡ್ಡಾಡಿ ಬಂದು 'ಅನುಭವ' ಅಂತಾರ. ಶ್ಯಾಡೋಯಿಂಗ್ 40–50 ತಾಸು ಸಾಕ್ರಿ, ಅದೂ ಒಬ್ಬಿಬ್ಬರು ಫ್ಯಾಮಿಲಿ ಡಾಕ್ಟರ್ ಕಡೆ ಇರ್ಲಿ. ರೋಗಿ ಮೈ ಮುಟ್ಟಿ ಮಾಡೂ ಕೆಲಸ ಬೇಕು: ಮೆಡಿಕಲ್ ಅಸಿಸ್ಟೆಂಟ್, ಇಎಂಟಿ (ಆಂಬ್ಯುಲೆನ್ಸ್ ಸಿಬ್ಬಂದಿ), ನರ್ಸಿಂಗ್ ಅಸಿಸ್ಟೆಂಟ್, ಹಾಸ್ಪಿಸ್ (ಕೊನೆಗಾಲದ ರೋಗಿಗಳ ಆರೈಕೆ). ಡಾಕ್ಟರ್ ಪರವಾಗಿ ಟಿಪ್ಪಣಿ ಬರಿಯೂ ಸ್ಕ್ರೈಬ್ ಕೆಲಸಾನೂ ನಡೀತದ. ಆದ್ರ ಗ್ರೇಡು ಏರೂ ವರ್ಷದಾಗ ವಾರಕ್ಕ ನಾಕೈದು ತಾಸು ಮೀರಬಾರದು, ಪೂರ್ಣಾವಧಿ ಕೆಲಸ ಎಂಕ್ಯಾಟ್ ಆದಮ್ಯಾಲೆ.

ತುಂಗಾತೀರ

ಕೊನೆಯ ಒಂದು ಪ್ರಶ್ನೆ. ಕಾಲೇಜಿನ ಪ್ರಿಹೆಲ್ತ್ ಕಮಿಟಿ 3.3ಕ್ಕಿಂತ ಕಡಿಮೆ ಇದ್ದರೆ ಶಿಫಾರಸು ಪತ್ರ ಕೊಡುವುದಿಲ್ಲವಂತೆ. ಆಗ?

ಸಹ್ಯಾದ್ರಿ_ಮಳೆ

ಅಂಥ ನಿಯಮ ಬಹಳ ಕಡೆ ಇದೆ, ಅದರಿಂದ ಅರ್ಜಿ ಬೀಳುವುದಿಲ್ಲ. ಬದಲಿಗೆ ಬಿಡಿ ಪತ್ರ ಕೊಡಿ: ಇಬ್ಬರು ವಿಜ್ಞಾನದ ಅಧ್ಯಾಪಕರು, ಒಬ್ಬರು ಬೇರೆ ವಿಷಯದವರು, ಡಿ.ಒ. ಶಾಲೆಗಳಿಗಾಗಿ ಒಬ್ಬ ಡಿ.ಒ. ವೈದ್ಯರು. ವಿಜ್ಞಾನದ ಇಬ್ಬರೂ ಪೋಸ್ಟ್‌ಬ್ಯಾಕ್‌ನಲ್ಲಿ ನಿಮಗೆ ಎ ಕೊಟ್ಟವರಾಗಿರಲಿ, ಹಳೆಯ ಕಾಲೇಜಿನಲ್ಲಿ ಬಿ ಕೊಟ್ಟವರಲ್ಲ. ಕೋರ್ಸ್ ಮುಗಿದ ಎರಡು ವಾರದೊಳಗೆ ಕೇಳಿ, ಪತ್ರಗಳನ್ನು ಕಾದಿಡುವ ಇಂಟರ್‌ಫೋಲಿಯೋ ಜಾಲತಾಣದಲ್ಲಿ ಹಾಕಿಸಿಡಿ. ಕಮಿಟಿ ಪತ್ರ ಯಾಕಿಲ್ಲ ಅಂತ ಸೆಕೆಂಡರಿಯಲ್ಲಿ ಕೇಳಿದರೆ 'ನಮ್ಮ ಕಾಲೇಜಿನ ಜಿಪಿಎ ಮಿತಿ ಇಷ್ಟು, ಅರ್ಜಿಯ ಹೊತ್ತಿಗೆ ನನ್ನದು ಅದಕ್ಕಿಂತ ಕಡಿಮೆ ಇತ್ತು' ಅಂತ ಒಂದೇ ಸಾಲು ಬರೆಯಿರಿ. ಅದಕ್ಕಿಂತ ಉದ್ದ ಬೇಡ.